ಲೈಸೆನ್ಸ್ ಅನ್ನೋ ಹಿಡಿ: ಅಮೆರಿಕದ ಕಪ್ಪು ಜನ ಟಿವಿಯಲ್ಲಿ ತಮ್ಮ ಮಾತಿಗೆ ಜಾಗ ಉಳಿಸಿಕೊಂಡದ್ದು ಹೇಗೆ

1955ನೇ ಇಸವಿ. ಅಮೆರಿಕದ ಮಿಸಿಸಿಪಿ ರಾಜ್ಯದ ರಾಜಧಾನಿ ಜಾಕ್ಸನ್. ಅಲ್ಲಿನ ಡಬ್ಲ್ಯುಎಲ್‌ಬಿಟಿ ಅನ್ನುವ ಟಿವಿ ಕೇಂದ್ರದಲ್ಲಿ ಎನ್‌ಬಿಸಿ ಜಾಲದ ಕಾರ್ಯಕ್ರಮ ಬರುತ್ತಿದೆ. ಪರದೆಯ ಮೇಲೆ ವಕೀಲ ಥರ್ಗುಡ್ ಮಾರ್ಷಲ್. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಬೇರೆ ಬೇರೆ ಇಡುವುದು ತಪ್ಪು ಅಂತ ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದವರು ಅವರು. ಇದ್ದಕ್ಕಿದ್ದಂತೆ ಚಿತ್ರ ಹೋಯಿತು. ಅದರ ಜಾಗದಲ್ಲಿ ಒಂದು ಫಲಕ ಬಂತು: ‘ಕ್ಷಮಿಸಿ, ಕೇಬಲ್ ತೊಂದರೆ’.

ಕೇಬಲ್‌ಗೆ ಏನೂ ಆಗಿರಲಿಲ್ಲ. ಕಪ್ಪು ಮನುಷ್ಯನೊಬ್ಬ ಸಮಾನತೆಯ ಬಗ್ಗೆ ಮಾತಾಡುವುದು ಊರಿನ ಕಿವಿಗೆ ಬೀಳಬಾರದು, ಅಷ್ಟೇ. ಕೇಂದ್ರದ ಮ್ಯಾನೇಜರ್ ಇದನ್ನು ಬಿಳಿಯರ ಸಭೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡ ದಾಖಲೆಯೂ ಇದೆ.

ಇದಾಗಿ ಹದಿಮೂರೇ ವರ್ಷಕ್ಕೆ ನ್ಯೂಯಾರ್ಕ್, ಬಾಸ್ಟನ್, ಡೆಟ್ರಾಯಿಟ್, ಶಿಕಾಗೊ ಹೀಗೆ ಒಂದಾದ ಮೇಲೊಂದು ಊರಲ್ಲಿ ಕಪ್ಪು ಜನರೇ ನಡೆಸುವ, ಕಪ್ಪು ಜನರ ವಿಷಯವನ್ನೇ ಮಾತಾಡುವ ಟಿವಿ ಕಾರ್ಯಕ್ರಮಗಳು ಶುರುವಾದವು. ಕೆಲವು ಎರಡು ಮೂರು ವರ್ಷಕ್ಕೆ ನಿಂತವು. ಕೆಲವು ನಲವತ್ತು ವರ್ಷ ದಾಟಿದವು. ಬಾಳಿದವುಗಳ ಹಿಂದೆ ನೋಡುಗರ ಗಲಾಟೆ ಇತ್ತು: ಮೆರವಣಿಗೆ, ಪತ್ರ, ಅರ್ಜಿ, ಕೇಸು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕೋಟಿಗಟ್ಟಲೆ ಡಾಲರ್ ವ್ಯವಹಾರದ ಟಿವಿ ಕಂಪನಿ, ಬಾಗಿಲ ಮುಂದೆ ಫಲಕ ಹಿಡಿದು ನಿಂತ ನೂರು ಜನರ ಮಾತು ಯಾಕೆ ಕೇಳಬೇಕು? ಒಳ್ಳೆಯತನಕ್ಕಂತೂ ಅಲ್ಲ. ಕಾನೂನಿನಲ್ಲಿ ಒಂದು ಹಿಡಿ ಇತ್ತು. ಅದು ಜನರ ಕೈಗೆ ಸಿಕ್ಕಾಗ ಏನಾಯಿತು, ಆಮೇಲೆ ಅದನ್ನು ಹೇಗೆ ಕಿತ್ತುಕೊಂಡರು ಅನ್ನುವುದು ಗೊತ್ತಾದರೆ ಈ ಇಡೀ ಹೋರಾಟ ಅರ್ಥವಾಗುತ್ತದೆ.

ಯಾವ ಕಾರ್ಯಕ್ರಮಗಳು ಇವು?

ಅಮೆರಿಕದ ಟಿವಿ ಲೋಕದಲ್ಲಿ ‘ಪಬ್ಲಿಕ್ ಅಫೇರ್ಸ್’ ಅಂತ ಒಂದು ವಿಭಾಗ. ಧಾರಾವಾಹಿ ಅಲ್ಲ, ಆಟ ಅಲ್ಲ, ಬರೀ ಸುದ್ದಿಯೂ ಅಲ್ಲ. ಊರಿನ ಶಾಲೆ ಯಾಕೆ ಹೀಗಿದೆ, ಬಾಡಿಗೆ ಯಾಕೆ ಏರುತ್ತಿದೆ, ಪೊಲೀಸರು ಯಾಕೆ ಹೀಗೆ ಮಾಡಿದರು ಅಂತ ಕೂತು ಮಾತಾಡುವ ಕಾರ್ಯಕ್ರಮ. ಸ್ಟುಡಿಯೊದಲ್ಲಿ ಮೂರು ಕುರ್ಚಿ, ಒಬ್ಬ ನಿರೂಪಕ, ಇಬ್ಬರು ಅತಿಥಿಗಳು. ಜಾಸ್ತಿ ದುಡ್ಡಿದ್ದರೆ ಒಂದು ಸಾಕ್ಷ್ಯಚಿತ್ರ.

ಇದರಿಂದ ಜಾಹೀರಾತಿನ ಆದಾಯ ಹೆಚ್ಚೇನೂ ಬರುವುದಿಲ್ಲ. ಹಾಗಾಗಿ ಕೇಂದ್ರಗಳು ಇವನ್ನು ಭಾನುವಾರ ಬೆಳಿಗ್ಗೆಯೋ ನಡುರಾತ್ರಿಯೋ ತುರುಕುತ್ತಿದ್ದವು. ಖರ್ಚು ಕಡಿತ ಅಂದ ಕೂಡಲೇ ಮೊದಲು ಕತ್ತರಿ ಬೀಳುತ್ತಿದ್ದದ್ದೂ ಇವಕ್ಕೇ.

ಕಪ್ಪು ಸಮುದಾಯಕ್ಕೆ ಮಾತ್ರ ಇವುಗಳ ಬೆಲೆ ಬೇರೆ. ಉಳಿದ ಟಿವಿಯಲ್ಲಿ ಅವರು ಕಾಣಿಸುತ್ತಿದ್ದದ್ದು ಹಾಡುವಾಗ, ಆಡುವಾಗ, ಇಲ್ಲವೇ ಕೈಗೆ ಕೋಳ ಬಿದ್ದಾಗ. ತಮ್ಮ ಬೀದಿಯ ಸಮಸ್ಯೆಯನ್ನು ತಮ್ಮವರೇ ಬಿಡಿಸಿ ಹೇಳುವ ಅರ್ಧ ಗಂಟೆ ಅಂದರೆ ವಾರದಲ್ಲಿ ಇದೊಂದೇ.

ಗಾಳಿ ಯಾರದು?

ಈಗ ಕಾನೂನಿಗೆ ಬರೋಣ. ಟಿವಿ ಸಂಕೇತ ಹೋಗುವುದು ಗಾಳಿಯಲ್ಲಿ, ತರಂಗಗಳ ಮೂಲಕ. ಒಂದು ಊರಲ್ಲಿ ಎಷ್ಟು ಕೇಂದ್ರ ಬೇಕಾದರೂ ಇಡಲಾಗುವುದಿಲ್ಲ, ಒಂದರ ಸಂಕೇತ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಅದಕ್ಕೇ 1934ರ ಕಾನೂನು ಎಫ್‌ಸಿಸಿ ಅನ್ನುವ ಸರ್ಕಾರಿ ಆಯೋಗ ಕಟ್ಟಿತು. ತರಂಗ ಯಾರ ಸ್ವಂತ ಆಸ್ತಿಯೂ ಅಲ್ಲ. ಆಯೋಗ ಲೈಸೆನ್ಸ್ ಕೊಡುತ್ತದೆ, ಕಂಪನಿ ಬಳಸುತ್ತದೆ. ಷರತ್ತು ಒಂದೇ: ಸಾರ್ವಜನಿಕ ಹಿತಕ್ಕೆ ತಕ್ಕಂತೆ ನಡೆಸಬೇಕು.

(ನಮ್ಮಲ್ಲೂ 1995ರಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರದ ಕೇಸೊಂದರಲ್ಲಿ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಹೇಳಿತು. ಹೇಳುವುದು ಸುಲಭ. ಆ ‘ಸಾರ್ವಜನಿಕ’ ಬಂದು ತನ್ನ ಆಸ್ತಿಯ ಲೆಕ್ಕ ಕೇಳಲು ದಾರಿ ಇದೆಯಾ ಅನ್ನುವುದು ಬೇರೆ ಮಾತು.)

ಲೈಸೆನ್ಸ್‌ನ ಅವಧಿ ಆಗ ಮೂರೇ ವರ್ಷ. ಮೂರು ವರ್ಷಕ್ಕೊಮ್ಮೆ ನವೀಕರಣಕ್ಕೆ ಅರ್ಜಿ ಹಾಕಲೇಬೇಕು. ಟಿವಿ ಕೇಂದ್ರದ ಬೆಲೆಯೆಲ್ಲ ಇರುವುದು ಈ ಕಾಗದದಲ್ಲಿ. ಕಟ್ಟಡ, ಕ್ಯಾಮೆರಾ, ಗೋಪುರ ಇನ್ಯಾರಾದರೂ ಕೊಳ್ಳಬಹುದು. ಲೈಸೆನ್ಸ್ ಇಲ್ಲದಿದ್ದರೆ ಅವೆಲ್ಲ ಗುಜರಿ.

ನವೀಕರಣದ ಹೊತ್ತಿಗೆ ಯಾರಾದರೂ ತಕರಾರು ಅರ್ಜಿ ಹಾಕಬಹುದಿತ್ತು. ಆದರೆ ‘ಯಾರಾದರೂ’ ಅಂದರೆ ಯಾರು? ನಿನ್ನ ಪ್ರಸಾರದಿಂದ ನನ್ನ ವ್ಯಾಪಾರಕ್ಕೆ ನಷ್ಟ ಅನ್ನುವ ಇನ್ನೊಂದು ಕಂಪನಿ, ಅಥವಾ ನಿನ್ನ ಸಂಕೇತ ನನ್ನದಕ್ಕೆ ಅಡ್ಡಿ ಅನ್ನುವ ಇನ್ನೊಂದು ಕೇಂದ್ರ. ಟಿವಿ ನೋಡುವವನಿಗೆ ಆ ಹಕ್ಕು ಇರಲಿಲ್ಲ. ಯಾರ ಹಿತಕ್ಕಾಗಿ ಅಂತ ಕಾನೂನು ಹೇಳುತ್ತಿತ್ತೋ ಅವರನ್ನೇ ಹೊರಗಿಟ್ಟು ವಿಚಾರಣೆ ನಡೆಯುತ್ತಿತ್ತು.

ಇದನ್ನು ಬದಲಿಸಿದ್ದು ಜಾಕ್ಸನ್‌ನ ಆ ‘ಕೇಬಲ್ ತೊಂದರೆ’ಯ ಕೇಂದ್ರವೇ.

ಒಂದು ವಾರ ಟಿವಿ ನೋಡಿದವರು

ಡಬ್ಲ್ಯುಎಲ್‌ಬಿಟಿಯ ಸಂಕೇತ ತಲುಪುವ ಪ್ರದೇಶದಲ್ಲಿ ನೂರಕ್ಕೆ 45ರಷ್ಟು ಜನ ಕಪ್ಪು ವರ್ಣದವರು. ಪರದೆಯ ಮೇಲೆ ಅವರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. 1962ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಚುನಾವಣೆಗೆ ನಿಂತ ಕಪ್ಪು ಪಾದ್ರಿ, ದಿನಸಿ ವ್ಯಾಪಾರಿ ರಾಬರ್ಟ್ ಎಲ್. ಟಿ. ಸ್ಮಿತ್ ಅವರು ಪ್ರಚಾರಕ್ಕೆ ಸಮಯ ಕೊಳ್ಳಲು ಹೋದಾಗ ಕೇಂದ್ರ ಮೊದಲು ಬಾಗಿಲು ಹಾಕಿತು. ಎನ್‌ಎಎಸಿಪಿ ಅನ್ನುವ, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಸಂಘಟನೆಯ ನಾಯಕ ಮೆಡ್ಗರ್ ಎವರ್ಸ್ ವರ್ಷಗಟ್ಟಲೆ ದೂರು ಕೊಡುತ್ತಲೇ ಬಂದರು. ಕೊನೆಗೆ 1963ರ ಮೇ 20ರಂದು ಅವರಿಗೆ 17 ನಿಮಿಷ ಸಿಕ್ಕಿತು. ಜಾಕ್ಸನ್‌ನಲ್ಲಿ ಕಪ್ಪು ಮನುಷ್ಯನ ದಿನ ಹೇಗಿರುತ್ತದೆ ಅಂತ ಅವರು ಊರಿಗೆ ಹೇಳಿದರು. ಮೂರು ವಾರ ಕಳೆದ ಮೇಲೆ, ಜೂನ್ 12ರಂದು, ಅವರ ಮನೆಯ ಮುಂದೆಯೇ ಅವರನ್ನು ಗುಂಡಿಟ್ಟು ಕೊಂದರು.

ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಅನ್ನುವ ಚರ್ಚ್‌ಗೆ ಒಂದು ಸಂವಹನ ಕಚೇರಿ ಇತ್ತು. ಅದರ ಮುಖ್ಯಸ್ಥ ಎವೆರೆಟ್ ಪಾರ್ಕರ್ ಬಿಳಿಯ ಪಾದ್ರಿ. ದಕ್ಷಿಣದ ಟಿವಿ ಕೇಂದ್ರಗಳನ್ನು ನೋಡಿ ಬಂದ ಅವರು ಎಫ್‌ಸಿಸಿಗೆ ಬರೀ ದೂರು ಬರೆದರೆ ಆಗುವುದಿಲ್ಲ, ಸಾಕ್ಷಿ ಬೇಕು ಅಂತ ತೀರ್ಮಾನಿಸಿದರು.

ಸಾಕ್ಷಿ ಅಂದರೆ ಏನು? ಆಗ ಮನೆಯಲ್ಲಿ ರೆಕಾರ್ಡ್ ಮಾಡುವ ಯಂತ್ರ ಇಲ್ಲ. ಹಾಗಾಗಿ 1964ರ ಮಾರ್ಚ್ ಮೊದಲ ವಾರ ಒಂದು ಗುಂಪು ಟಿವಿ ಮುಂದೆ ಪಾಳಿ ಹಾಕಿ ಕೂತಿತು. ಬೆಳಿಗ್ಗೆ ಪ್ರಸಾರ ಶುರುವಾದಾಗಿನಿಂದ ರಾತ್ರಿ ಮುಗಿಯುವವರೆಗೆ. ಯಾವ ಕಾರ್ಯಕ್ರಮ, ಎಷ್ಟು ನಿಮಿಷ, ಕಪ್ಪು ಜನ ಎಲ್ಲಿ ಕಂಡರು, ಅವರ ಬಗ್ಗೆ ಏನಂದರು, ಎಲ್ಲ ಬರೆದುಕೊಂಡರು. ಹೀಗೆ ಕೂತವರು ಊರಿನ ಬಿಳಿಯರೇ. ಕಪ್ಪು ಜನರೇನಾದರೂ ಈ ಕೆಲಸಕ್ಕೆ ಕೂತದ್ದು ಹೊರಗೆ ಗೊತ್ತಾದರೆ ಮನೆಗೆ ಬೆಂಕಿ ಬೀಳುವ ಕಾಲ ಅದು. ಬಿಳಿಯರಿಗೂ ಅಪಾಯ ತಪ್ಪಿದ್ದಲ್ಲ, ಅವರ ಹೆಸರುಗಳನ್ನು ಗುಟ್ಟಾಗಿಟ್ಟರು.

ಪಟ್ಟಿ ನೋಡಿದರೆ ಎಲ್ಲ ಕಣ್ಣಿಗೆ ಹೊಡೆಯುವಂತಿತ್ತು. ಭಾನುವಾರದ ಚರ್ಚ್ ಪ್ರಾರ್ಥನೆ ಬಿಳಿಯರದ್ದು ಮಾತ್ರ. ಬಿಳಿಯರನ್ನು ಮಿಸ್ಟರ್, ಮಿಸೆಸ್ ಅಂತ ಗೌರವದಿಂದ ಕರೆಯುವ ನಿರೂಪಕರು ಕಪ್ಪು ಜನರಿಗೆ ಬರೀ ಹೆಸರು ಹಿಡಿಯುತ್ತಿದ್ದರು. ವರ್ಣಭೇದದ ಪರ ಮಾತಿಗೆ ಜಾಗ ಇತ್ತು, ವಿರೋಧಕ್ಕೆ ಇರಲಿಲ್ಲ.

ಇದನ್ನು ಹಿಡಿದು ಚರ್ಚ್ ಕಚೇರಿ 1964ರಲ್ಲಿ ತಕರಾರು ಅರ್ಜಿ ಹಾಕಿತು. ಜೊತೆಗೆ ಸಹಿ ಹಾಕಿದವರು ಇಬ್ಬರು ಸ್ಥಳೀಯರು: ರಾಬರ್ಟ್ ಸ್ಮಿತ್ ಮತ್ತು ಔಷಧಿ ಅಂಗಡಿಯ ಏರನ್ ಹೆನ್ರಿ. ಆ ಕಾಲದ ಮಿಸಿಸಿಪಿಯಲ್ಲಿ ಇಂಥ ಕಾಗದಕ್ಕೆ ತಮ್ಮ ಹೆಸರು ಹಾಕುವುದು ಸಣ್ಣ ಮಾತಲ್ಲ.

ಎಫ್‌ಸಿಸಿ ಏನು ಹೇಳಿತು? ನೀವು ನೋಡುಗರು, ನಿಮಗೆ ತಕರಾರು ಮಾಡುವ ಹಕ್ಕಿಲ್ಲ. ಆದರೂ ಮುಜುಗರವಾಗಿ 1965ರಲ್ಲಿ ಕೇಂದ್ರಕ್ಕೆ ಮೂರು ವರ್ಷದ ಬದಲು ಒಂದು ವರ್ಷದ ಲೈಸೆನ್ಸ್ ಕೊಟ್ಟು, ಸುಧಾರಿಸಿಕೊಳ್ಳಿ ಅಂದಿತು. ಪಾರ್ಕರ್ ಕೋರ್ಟಿಗೆ ಹೋದರು.

1966ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದ ತೀರ್ಪು ಬಂತು. ಪ್ರಸಾರ ಯಾರಿಗಾಗಿ ನಡೆಯುತ್ತದೋ ಆ ಕೇಳುಗರು, ನೋಡುಗರಿಗೆ ಲೈಸೆನ್ಸ್ ವಿಚಾರಣೆಯಲ್ಲಿ ಭಾಗವಹಿಸುವ ಹಕ್ಕಿದೆ. ಬರೆದವರು ನ್ಯಾಯಮೂರ್ತಿ ವಾರನ್ ಬರ್ಗರ್. ಇವರೇನೂ ಕ್ರಾಂತಿಕಾರಿಯಲ್ಲ, ಮುಂದೆ ಅಧ್ಯಕ್ಷ ನಿಕ್ಸನ್ ಇವರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮಾಡಿದ್ದೇ ಸಂಪ್ರದಾಯವಾದಿ ಅಂತ. ಕಾನೂನಿನ ಕತೆಗಳಲ್ಲಿ ಇಂಥ ತಮಾಷೆ ಆಗಾಗ ಸಿಗುತ್ತದೆ.

ಎಫ್‌ಸಿಸಿ ಹಟ ಬಿಡಲಿಲ್ಲ. ವಿಚಾರಣೆಯ ಶಾಸ್ತ್ರ ಮುಗಿಸಿ 1968ರಲ್ಲಿ ಮತ್ತೆ ಅದೇ ಕಂಪನಿಗೆ ಲೈಸೆನ್ಸ್ ಕೊಟ್ಟಿತು. ಮತ್ತೆ ಕೋರ್ಟು. 1969ರಲ್ಲಿ ಬರ್ಗರ್ ಆ ನವೀಕರಣವನ್ನೇ ರದ್ದು ಮಾಡಿದರು. 1971ರಲ್ಲಿ ಬೇರೆ ಸಂಸ್ಥೆಯೊಂದು ಕೇಂದ್ರವನ್ನು ತಾತ್ಕಾಲಿಕವಾಗಿ ವಹಿಸಿಕೊಂಡಿತು. 1972ರಲ್ಲಿ ವಿಲಿಯಂ ಡಿಲ್ಡೇ ಅಲ್ಲಿ ಜನರಲ್ ಮ್ಯಾನೇಜರ್ ಆದರು. ಅಮೆರಿಕದಲ್ಲಿ ಟಿವಿ ಕೇಂದ್ರವೊಂದನ್ನು ನಡೆಸಿದ ಮೊದಲ ಕಪ್ಪು ವ್ಯಕ್ತಿ ಅವರೇ.

ಈ ತೀರ್ಪು ಓದಿ ದೇಶದ ಎಲ್ಲ ಟಿವಿ ಮಾಲೀಕರ ಎದೆ ಡವಡವ ಅಂದಿರಬೇಕು. ಮೂರು ವರ್ಷಕ್ಕೊಮ್ಮೆ, ಯಾವ ಬೀದಿಯ ಯಾವ ಸಂಘ ಬೇಕಾದರೂ ಬಂದು ಲೆಕ್ಕ ಕೇಳಬಹುದು ಅಂತಾಯಿತು.

1968: ಭಯದಿಂದ ಹುಟ್ಟಿದ ಕಾರ್ಯಕ್ರಮಗಳು

ಕಾನೂನು ಬದಲಾಗುತ್ತಿದ್ದ ಹೊತ್ತಿಗೇ ಊರುಗಳು ಹೊತ್ತಿ ಉರಿದವು. 1967ರಲ್ಲಿ ನೆವಾರ್ಕ್, ಡೆಟ್ರಾಯಿಟ್. ಕಾರಣ ಹುಡುಕಲು ಅಧ್ಯಕ್ಷ ಜಾನ್ಸನ್ ನೇಮಿಸಿದ ಕರ್ನರ್ ಆಯೋಗ 1968ರ ಆರಂಭದಲ್ಲಿ ವರದಿ ಕೊಟ್ಟಿತು. ಅದರಲ್ಲಿ ಒಂದು ಅಧ್ಯಾಯವೇ ಮಾಧ್ಯಮಗಳ ಮೇಲೆ. ಪತ್ರಿಕೆ, ಟಿವಿ ಎಲ್ಲ ಬಿಳಿಯರ ಕಣ್ಣಿನಿಂದಲೇ ಲೋಕ ನೋಡುತ್ತಿವೆ, ಕಪ್ಪು ಪತ್ರಕರ್ತರಿಗೆ ಕೆಲಸ ಕೊಡಿ, ಕಪ್ಪು ಜನರ ಬದುಕನ್ನು ತೋರಿಸಿ ಅಂತ ಆಯೋಗ ನೇರವಾಗಿ ಹೇಳಿತು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆ. ನೂರಕ್ಕೂ ಹೆಚ್ಚು ಊರುಗಳಲ್ಲಿ ಗಲಭೆ.

ಅದೇ ವರ್ಷ ಕಾರ್ಯಕ್ರಮಗಳು ಸಾಲುಗಟ್ಟಿ ಬಂದವು. ನ್ಯೂಯಾರ್ಕ್‌ನಲ್ಲಿ ‘ಇನ್‌ಸೈಡ್ ಬೆಡ್‌ಫರ್ಡ್-ಸ್ಟೈವಸೆಂಟ್’, ‘ಲೈಕ್ ಇಟ್ ಈಸ್’, ‘ಸೋಲ್!’. ಬಾಸ್ಟನ್ನಿನಲ್ಲಿ ‘ಸೇ ಬ್ರದರ್’. ಇಡೀ ದೇಶಕ್ಕೆ ‘ಬ್ಲ್ಯಾಕ್ ಜರ್ನಲ್’. ಟಿವಿ ಮಾಲೀಕರಿಗೆ ರಾತ್ರೋರಾತ್ರಿ ಜ್ಞಾನೋದಯವಾಯಿತು ಅಂತ ನಂಬುವುದು ಕಷ್ಟ. ಕಪ್ಪು ಜನರ ಸಿಟ್ಟಿಗೆ ಬೀದಿಯ ಬದಲು ಪರದೆಯಲ್ಲಿ ದಾರಿ ಮಾಡಿಕೊಟ್ಟರೆ ಊರು ತಣ್ಣಗಾಗಬಹುದು ಅನ್ನುವ ಲೆಕ್ಕ ಇತ್ತು. ದತ್ತಿ ಸಂಸ್ಥೆಗಳ ಹಣವೂ ಅದೇ ಲೆಕ್ಕದಲ್ಲಿ ಹರಿಯಿತು. ಬೀದಿ ತಣ್ಣಗಾದ ಮೇಲೆ ಹಣವೂ ತಣ್ಣಗಾಯಿತು. ಮುಂದಿನ ಜಗಳಗಳ ಬೇರು ಇಲ್ಲಿದೆ.

ಕಾರ್ಯಕ್ರಮ ಶುರುವಾದರೂ ಅದು ಯಾರದು ಅನ್ನುವ ಪ್ರಶ್ನೆ ಮುಗಿಯಲಿಲ್ಲ. ‘ಬ್ಲ್ಯಾಕ್ ಜರ್ನಲ್’ 1968ರ ಜೂನ್‌ನಲ್ಲಿ ಶುರುವಾದಾಗ, ಕಪ್ಪು ಜನರಿಂದ ಕಪ್ಪು ಜನರಿಗಾಗಿ ಅನ್ನುವುದೇ ಅದರ ಪ್ರಚಾರ. ಆದರೆ ಮುಖ್ಯ ನಿರ್ಮಾಪಕ ಬಿಳಿಯರು. ಎರಡು ತಿಂಗಳಲ್ಲೇ, ಆಗಸ್ಟ್‌ನಲ್ಲಿ, ಕಪ್ಪು ಸಿಬ್ಬಂದಿ ಕೆಲಸ ಬಿಟ್ಟು ಹೊರನಡೆದರು. ಹೇಳುವುದೊಂದು ಮಾಡುವುದೊಂದು ಬೇಡ, ಚುಕ್ಕಾಣಿ ನಮ್ಮವರ ಕೈಗೆ ಕೊಡಿ ಅನ್ನುವುದು ಬೇಡಿಕೆ. ಕೊನೆಗೆ ಸಾಕ್ಷ್ಯಚಿತ್ರಕಾರ ವಿಲಿಯಂ ಗ್ರೀವ್ಸ್ ಮುಖ್ಯ ನಿರ್ಮಾಪಕರಾದರು. ಕಾರ್ಯಕ್ರಮ ಟಿವಿ ಲೋಕದ ಎಮ್ಮಿ ಪ್ರಶಸ್ತಿ ಗೆದ್ದಿತು. ಅಲ್ಲಿ ತರಬೇತಿಯಾದವರು ಮುಂದೆ ಒಂದು ಪೀಳಿಗೆಯ ಕಪ್ಪು ಸಾಕ್ಷ್ಯಚಿತ್ರಕಾರರಾದರು.

ಬಾಸ್ಟನ್ನಿನಲ್ಲಿ ಆದದ್ದು ಇನ್ನೂ ಬಿಸಿ ಜಗಳ. ‘ಸೇ ಬ್ರದರ್’ನ ನಿರ್ಮಾಪಕ ರೇ ರಿಚರ್ಡ್‌ಸನ್ ಇನ್ನೂ ಹುಡುಗ. 1970ರ ಬೇಸಿಗೆಯಲ್ಲಿ ಹತ್ತಿರದ ನ್ಯೂ ಬೆಡ್‌ಫರ್ಡ್ ಊರಲ್ಲಿ ಗಲಭೆಯಾಯಿತು. ಅವರ ತಂಡ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗಿ ಬೀದಿಯ ಹುಡುಗರನ್ನೇ ಮಾತಾಡಿಸಿತು. ಹುಡುಗರು ಬೀದಿಯ ಭಾಷೆಯಲ್ಲೇ ಮಾತಾಡಿದರು, ಬೈಗುಳ ಸಮೇತ. ಪ್ರಸಾರವಾದ ಮೇಲೆ ಡಬ್ಲ್ಯುಜಿಬಿಎಚ್ ಕೇಂದ್ರ ಭಾಷೆ ಅಶ್ಲೀಲ ಅಂತ ಕಾರಣ ಕೊಟ್ಟು ಕಾರ್ಯಕ್ರಮವನ್ನೇ ನಿಲ್ಲಿಸಿತು. ರಿಚರ್ಡ್‌ಸನ್ ಕೆಲಸ ಹೋಯಿತು. ಬೈಗುಳ ಬರೀ ನೆಪ, ಅಡಚಣೆಯಾದದ್ದು ಹುಡುಗರು ಹೇಳಿದ ವಿಷಯ ಅಂತ ಕಪ್ಪು ಸಮುದಾಯ ಬೀದಿಗಿಳಿಯಿತು. ಸಭೆ ಸೇರಿತು, ಕೇಂದ್ರದ ಜೊತೆ ಮಾತುಕತೆಗೆ ಕೂತಿತು. ಕೆಲವು ತಿಂಗಳಲ್ಲಿ ‘ಸೇ ಬ್ರದರ್’ ವಾಪಸು ಬಂತು. ರಿಚರ್ಡ್‌ಸನ್ ಬರಲಿಲ್ಲ. ಗೆಲುವು ಅಂದರೆ ಹೀಗೇ, ಅರ್ಧ.

ಅರ್ಜಿ ಹೇಗೆ ಕೆಲಸ ಮಾಡುತ್ತಿತ್ತು

ಇಷ್ಟಾದರೂ ಲೈಸೆನ್ಸ್ ಕಳೆದುಕೊಂಡ ಕೇಂದ್ರಗಳು ಬೆರಳೆಣಿಕೆಯಷ್ಟು. ಹಾಗಾದರೆ ಹೆದರಿಕೆ ಯಾತಕ್ಕೆ? ತಕರಾರು ಅರ್ಜಿ ಬಿತ್ತು ಅಂದರೆ ನವೀಕರಣ ನಿಲ್ಲುತ್ತದೆ. ವಿಚಾರಣೆ ವರ್ಷಗಟ್ಟಲೆ ಎಳೆಯಬಹುದು. ವಕೀಲರ ಫೀಸು ಏರುತ್ತಲೇ ಇರುತ್ತದೆ. ಕೇಂದ್ರವನ್ನು ಮಾರಬೇಕು ಅಂದುಕೊಂಡಿದ್ದರೆ ಮಾರಾಟವೂ ಅಲ್ಲೇ ನಿಲ್ಲುತ್ತದೆ. ಇಷ್ಟೆಲ್ಲ ಅನುಭವಿಸುವ ಬದಲು ಮಾತಾಡಿ ಮುಗಿಸುವುದು ಲಾಭ. ಸಂಘಟನೆಗಳಿಗೂ ಬೇಕಾಗಿದ್ದದ್ದು ಅದೇ. ಲೈಸೆನ್ಸ್ ಕಿತ್ತುಕೊಂಡು ಅವರೇನು ಮಾಡಬೇಕು? ಒಂದು ಒಳ್ಳೆ ಕಾರ್ಯಕ್ರಮ, ನಾಲ್ಕು ಕೆಲಸ, ನೋಡುವ ಹೊತ್ತಿನಲ್ಲಿ ಜಾಗ.

ಮೊದಲ ಒಪ್ಪಂದ ಆದದ್ದು ಟೆಕ್ಸಾಸ್ ಗಡಿಯ ಟೆಕ್ಸಾರ್ಕಾನಾದಲ್ಲಿ. ಕೆಟಿಎಎಲ್ ಕೇಂದ್ರದ ಮೇಲೆ ಊರಿನ ಕಪ್ಪು ಸಂಘಟನೆಗಳು ತಕರಾರು ಹಾಕಿದ್ದವು. 1969ರಲ್ಲಿ ಎರಡೂ ಕಡೆ ಕೂತು ಬರಹದಲ್ಲಿ ಒಪ್ಪಿಕೊಂಡವು: ಕಪ್ಪು ವರದಿಗಾರರನ್ನು ನೇಮಿಸುತ್ತೇವೆ, ಊರಿನ ವಿವಾದಗಳನ್ನು ಎಲ್ಲ ಕಡೆಯಿಂದ ಚರ್ಚಿಸುತ್ತೇವೆ. ತಕರಾರು ವಾಪಸಾಯಿತು. ಇದು ಮಾದರಿಯಾಯಿತು. 1971ರಲ್ಲಿ ಕ್ಯಾಪಿಟಲ್ ಸಿಟೀಸ್ ಕಂಪನಿ ಫಿಲಡೆಲ್ಫಿಯಾ, ನ್ಯೂ ಹೇವನ್, ಫ್ರೆಸ್ನೊ ಕೇಂದ್ರಗಳನ್ನು ಕೊಳ್ಳಲು ಹೊರಟಾಗ ಸಂಘಟನೆಗಳು ಅಡ್ಡ ನಿಂತವು. ಮೂರು ವರ್ಷದಲ್ಲಿ 10 ಲಕ್ಷ ಡಾಲರ್ ಅಲ್ಪಸಂಖ್ಯಾತ ಸಮುದಾಯಗಳ ಕಾರ್ಯಕ್ರಮಗಳಿಗೆ ಅಂತ ಒಪ್ಪಿದ ಮೇಲೆಯೇ ವ್ಯವಹಾರ ಮುಂದೆ ಸಾಗಿತು.

ಕೆಲಸದ ರೀತಿ ನೋಡಿದರೆ ಇದು ಬಹುಪಾಲು ಗುಮಾಸ್ತೆಗಿರಿ. ಪ್ರತಿ ಕೇಂದ್ರವೂ ಸಾರ್ವಜನಿಕರಿಗಾಗಿ ಒಂದು ಕಡತ ಇಟ್ಟಿರಬೇಕು ಅಂತ 1965ರಿಂದ ನಿಯಮ. ಯಾರು ಬೇಕಾದರೂ ಕಚೇರಿಗೆ ಹೋಗಿ ತೋರಿಸಿ ಅನ್ನಬಹುದು. ಲೈಸೆನ್ಸ್ ಕೇಳುವಾಗ ಕಂಪನಿ ಏನೇನು ಭರವಸೆ ಕೊಟ್ಟಿತ್ತು ಅಂತ ಅಲ್ಲಿ ಸಿಗುತ್ತದೆ. ಅದನ್ನು ಪರದೆಯ ಮೇಲೆ ಬಂದದ್ದರ ಜೊತೆ ಹೋಲಿಸಿದರೆ ಅರ್ಜಿಯ ಅರ್ಧ ಕೆಲಸ ಮುಗಿಯಿತು. 1971ರ ಹೊತ್ತಿಗೆ ಇನ್ನೊಂದು ನಿಯಮ ಗಟ್ಟಿಯಾಯಿತು: ಊರಿನ ಬೇರೆ ಬೇರೆ ಸಮುದಾಯದ ಮುಖಂಡರನ್ನು ಕೇಂದ್ರದವರೇ ಹೋಗಿ ಭೇಟಿಯಾಗಿ, ನಿಮ್ಮ ಸಮಸ್ಯೆಗಳೇನು ಅಂತ ಕೇಳಿ ಬರೆದುಕೊಳ್ಳಬೇಕು, ಅದಕ್ಕೆ ತಕ್ಕ ಕಾರ್ಯಕ್ರಮ ಮಾಡಬೇಕು.

ವಾಷಿಂಗ್ಟನ್ನಿನಲ್ಲಿ ವಿಲಿಯಂ ರೈಟ್ 1969ರಲ್ಲಿ ಕಟ್ಟಿದ ‘ಬೆಸ್ಟ್’ ಸಂಘಟನೆ ಊರೂರಿನ ಗುಂಪುಗಳಿಗೆ ಈ ಕೆಲಸ ಕಲಿಸಿತು. ಎಫ್‌ಸಿಸಿಯಲ್ಲಿ ಒಬ್ಬ ಕಪ್ಪು ಸದಸ್ಯ ಬೇಕು ಅಂತ ಪಟ್ಟು ಹಿಡಿಯಿತು. 1972ರಲ್ಲಿ ಬೆಂಜಮಿನ್ ಹುಕ್ಸ್ ಆ ಜಾಗಕ್ಕೆ ಬಂದರು. ನ್ಯೂಯಾರ್ಕ್‌ನಲ್ಲಿ ಎಮ್ಮಾ ಬೋವನ್ ಅನ್ನುವ ಗಟ್ಟಿಗಿತ್ತಿ 1971ರಲ್ಲಿ ‘ಬ್ಲ್ಯಾಕ್ ಸಿಟಿಜನ್ಸ್ ಫಾರ್ ಎ ಫೇರ್ ಮೀಡಿಯಾ’ ಕಟ್ಟಿದವರಲ್ಲಿ ಒಬ್ಬರು. ಆಕೆಯ ಸಂಘ ನಗರದ ದೊಡ್ಡ ಟಿವಿ ಕೇಂದ್ರಗಳ ಮ್ಯಾನೇಜರುಗಳನ್ನು ಮೇಜಿನ ಮುಂದೆ ಕೂರಿಸಿತು.

ಈ ಹಿಡಿ ಸರ್ಕಾರಿ ಕೇಂದ್ರಗಳ ಮೇಲೂ ನಡೆಯಿತು. ಅಲಬಾಮಾ ರಾಜ್ಯದ ಶೈಕ್ಷಣಿಕ ಟಿವಿ ಜಾಲ ‘ಬ್ಲ್ಯಾಕ್ ಜರ್ನಲ್’, ‘ಸೋಲ್!’ ಮುಂತಾದವನ್ನು ಪ್ರಸಾರ ಮಾಡಲು ಒಪ್ಪುತ್ತಿರಲಿಲ್ಲ. ಅಲ್ಲಿನ ಜನಸಂಖ್ಯೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕಪ್ಪು ಜನ. ಮೂವರು ನಾಗರಿಕರ ತಕರಾರು ವರ್ಷಗಳ ಕಾಲ ನಡೆಯಿತು. 1975ರಲ್ಲಿ ಎಫ್‌ಸಿಸಿ ಆ ಜಾಲದ ಎಂಟು ಕೇಂದ್ರಗಳ ನವೀಕರಣ ನಿರಾಕರಿಸಿತು. ಹೊಸದಾಗಿ ಅರ್ಜಿ ಹಾಕಲು ಅವಕಾಶ ಕೊಟ್ಟದ್ದರಿಂದ ಕೇಂದ್ರಗಳು ಮುಚ್ಚಲಿಲ್ಲ. ಆದರೆ ಎಂಟು ಲೈಸೆನ್ಸ್ ಒಂದೇ ಏಟಿಗೆ!

ದುಡ್ಡಿನ ವಿಷಯ ಬಂದಾಗ ಮಾತ್ರ ಈ ಹಿಡಿಗೆ ಬಲ ಕಮ್ಮಿ. ಸಾರ್ವಜನಿಕ ಟಿವಿಯ ಹಣ ಸರ್ಕಾರದಿಂದ, ದತ್ತಿ ಸಂಸ್ಥೆಗಳಿಂದ ಬರುತ್ತದೆ. ರಾಜಕೀಯ ಚರ್ಚೆಯ ಕಾರ್ಯಕ್ರಮ ಕಂಡರೆ ಆಗದ ನಿಕ್ಸನ್ 1972ರ ಜೂನ್‌ನಲ್ಲಿ ಸಾರ್ವಜನಿಕ ಪ್ರಸಾರದ ಅನುದಾನದ ಮಸೂದೆಗೇ ವೀಟೊ ಹಾಕಿದರು. ಮುಂದಿನ ಹಂಗಾಮಿಗೆ ‘ಸೋಲ್!’, ‘ಬ್ಲ್ಯಾಕ್ ಜರ್ನಲ್’ ಎರಡಕ್ಕೂ ಹಣವಿಲ್ಲ ಅನ್ನುವ ಸುದ್ದಿ ಬಂತು. ‘ಬ್ಲ್ಯಾಕ್ ಜರ್ನಲ್’ ಆಗ ಟೋನಿ ಬ್ರೌನ್ ಕೈಯಲ್ಲಿತ್ತು. ಅವರು ಸುಮ್ನೆ ಕೂರುವ ಆಸಾಮಿಯಲ್ಲ, ನೋಡುಗರನ್ನು ಎಬ್ಬಿಸಿ ನಿಲ್ಲಿಸಿದರು. ಪತ್ರಗಳು ಹರಿದವು. ಆ ಕಾರ್ಯಕ್ರಮ ಬದುಕಿಕೊಂಡಿತು. ಎಲ್ಲಿಸ್ ಹೈಜ್ಲಿಪ್ ನಡೆಸುತ್ತಿದ್ದ, ಹಾಡು ಕವಿತೆ ರಾಜಕೀಯ ಎಲ್ಲ ಒಂದೇ ವೇದಿಕೆಗೆ ತಂದ ‘ಸೋಲ್!’ 1973ರಲ್ಲಿ ನಿಂತಿತು. ನನ್ನ ಮಟ್ಟಿಗೆ ಆ ಕಾಲದ ಅತ್ಯಂತ ದೊಡ್ಡ ನಷ್ಟ ಇದೇ.

ಹಿಡಿ ಕಳಚಿದ್ದು

1981ರಲ್ಲಿ ರೇಗನ್ ಸರ್ಕಾರ ಬಂತು. ಎಫ್‌ಸಿಸಿ ಅಧ್ಯಕ್ಷರಾದ ಮಾರ್ಕ್ ಫೌಲರ್ ಪ್ರಕಾರ ಟಿವಿ ಅಂದರೆ ಚಿತ್ರ ಬರುವ ಟೋಸ್ಟರ್, ಇನ್ನೊಂದು ಮನೆ ಸಾಮಾನು, ಅಷ್ಟೇ. ಟೋಸ್ಟರ್‌ಗೆ ಯಾರು ಸಾರ್ವಜನಿಕ ಹಿತದ ಷರತ್ತು ಹಾಕುತ್ತಾರೆ, ಅಲ್ವಾ? ಮಾರುಕಟ್ಟೆ ನೋಡಿಕೊಳ್ಳುತ್ತದೆ ಅನ್ನುವುದು ವಾದ.

ಒಂದೊಂದೇ ತಿರುಪು ಸಡಿಲವಾಯಿತು. 1981ರಲ್ಲಿ ಟಿವಿ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ದಪ್ಪ ಕಡತ ಸಲ್ಲಿಸಬೇಕಿದ್ದ ನವೀಕರಣ, ಪೋಸ್ಟ್‌ಕಾರ್ಡ್ ಗಾತ್ರದ ಫಾರಂಗೆ ಇಳಿಯಿತು. ಕಾರ್ಯಕ್ರಮಗಳ ವಿವರವನ್ನೇ ಬರೆಯದಿದ್ದರೆ ಭರವಸೆ ಮುರಿದದ್ದನ್ನು ಹಿಡಿಯುವುದು ಹೇಗೆ? ಎಮ್ಮಾ ಬೋವನ್ ಅವರ ಸಂಘ ಈ ಪೋಸ್ಟ್‌ಕಾರ್ಡ್ ಪದ್ಧತಿಯ ವಿರುದ್ಧ ಕೋರ್ಟಿಗೆ ಹೋಯಿತು. 1983ರಲ್ಲಿ ಸೋತಿತು. ನೋಡುಗರಿಗೆ ಬಾಗಿಲು ತೆರೆದಿದ್ದ ಅದೇ ವಾಷಿಂಗ್ಟನ್ ನ್ಯಾಯಾಲಯ ಈ ಸಲ ಎಫ್‌ಸಿಸಿ ಪರ ನಿಂತಿತು.

1984ರಲ್ಲಿ ಸಮುದಾಯದವರನ್ನು ಭೇಟಿಯಾಗುವ ನಿಯಮ ಹೋಯಿತು. ಇಷ್ಟು ಪಾಲು ಸ್ಥಳೀಯ, ಇಷ್ಟು ಪಾಲು ಸುದ್ದಿ-ಪಬ್ಲಿಕ್ ಅಫೇರ್ಸ್ ಇರಲಿ ಅನ್ನುವ ಮಾರ್ಗಸೂಚಿಯೂ ಹೋಯಿತು. ವಿವಾದದ ವಿಷಯಗಳನ್ನು ಚರ್ಚಿಸಲೇಬೇಕು, ಎರಡೂ ಕಡೆ ತೋರಿಸಬೇಕು ಅನ್ನುವ ‘ಫೇರ್‌ನೆಸ್’ ನಿಯಮ 1949ರಿಂದ ಇತ್ತು, 1987ರಲ್ಲಿ ಅದೂ ಹೋಯಿತು. 1996ರ ಕಾನೂನು ಲೈಸೆನ್ಸ್ ಅವಧಿಯನ್ನು ಎಂಟು ವರ್ಷ ಮಾಡಿತು.

ಕಾರ್ಯಕ್ರಮಗಳನ್ನು ನಿಷೇಧಿಸಿದವರು ಯಾರೂ ಇಲ್ಲ. ಅವನ್ನು ಇಟ್ಟುಕೊಳ್ಳಲು ಕಂಪನಿಗಿದ್ದ ಕಾರಣ ಹೋಯಿತು, ಅಷ್ಟೇ. ಜಾಹೀರಾತಿನಂಥದ್ದೇ ಕಾರ್ಯಕ್ರಮಗಳಿಗೆ ಭಾನುವಾರದ ಅರ್ಧ ಗಂಟೆ ಮಾರಿದರೆ ದುಡ್ಡು ಬರುತ್ತದೆ ಅಂದಮೇಲೆ ಶಾಲೆ-ಬಾಡಿಗೆಯ ಚರ್ಚೆ ಯಾರಿಗೆ ಬೇಕು?

ಹಿಡಿ ಇಲ್ಲದ ಮೇಲೆ ಹೋರಾಟ ಹೇಗಿರುತ್ತದೆ ಅನ್ನುವುದಕ್ಕೆ ‘ಲೈಕ್ ಇಟ್ ಈಸ್’ ನೋಡಬೇಕು. ನ್ಯೂಯಾರ್ಕ್‌ನ ಡಬ್ಲ್ಯುಎಬಿಸಿ ಕೇಂದ್ರದಲ್ಲಿ ಗಿಲ್ ನೋಬಲ್ ದಶಕಗಳ ಕಾಲ ನಡೆಸಿದ ಭಾನುವಾರದ ಕಾರ್ಯಕ್ರಮ ಇದು. ಆಫ್ರಿಕಾದ ರಾಷ್ಟ್ರನಾಯಕರಿಂದ ಹಾರ್ಲೆಂ ಬೀದಿಯ ಹೋರಾಟಗಾರರವರೆಗೆ ಎಲ್ಲರನ್ನೂ ಅವಸರವಿಲ್ಲದೆ ಮಾತಾಡಿಸುತ್ತಿದ್ದರು. ಕಪ್ಪು ಹೋರಾಟಗಾರ ಮಾಲ್ಕಂ ಎಕ್ಸ್, ಗಾಯಕ ಪಾಲ್ ರೋಬ್ಸನ್ ಅಂಥವರ ಬಗ್ಗೆ ಶಾಲೆಯಲ್ಲಿ ಸಿಗದ ಪಾಠ ಅಲ್ಲಿ ಸಿಗುತ್ತಿತ್ತು. ಕ್ವೀನ್ಸ್ ಭಾಗದಲ್ಲಿ 1987ರಲ್ಲಿ ಹುಟ್ಟಿದ ‘ಸೆಮೊಟ್ಯಾಪ್’ ಅನ್ನುವ ಸಂಘಟನೆ ಈ ಕಾರ್ಯಕ್ರಮದ ಕಾವಲಿಗೆ ನಿಂತಿತ್ತು. ಕಪ್ಪು ಜನರನ್ನು ಅವಮಾನಿಸುವ ಮಾಧ್ಯಮದ ವಿರುದ್ಧ ಪ್ರತಿಭಟಿಸುವುದು, ತಮ್ಮ ಪರ ಇರುವ ಪತ್ರಕರ್ತರನ್ನು ಕಾಯುವುದು, ಎರಡೂ ಅದರ ಕೆಲಸ.

2011ರ ಜುಲೈನಲ್ಲಿ ನೋಬಲ್ ಅವರಿಗೆ ಪಾರ್ಶ್ವವಾಯು ಬಡಿಯಿತು. ಮುಂದೇನು? ಅದೇ ಹೆಸರು, ಅದೇ ಗಟ್ಟಿತನ ಉಳಿಸಿಕೊಂಡು ಸಮುದಾಯ ಒಪ್ಪುವವರ ಕೈಗೆ ಕೊಡಿ ಅಂತ ಜನ ಕೇಳಿದರು. ಕೇಂದ್ರ ‘ಲೈಕ್ ಇಟ್ ಈಸ್’ ಮುಗಿಸಿ, ಅದೇ ಜಾಗದಲ್ಲಿ ‘ಹಿಯರ್ ಅಂಡ್ ನೌ’ ಅನ್ನುವ ಹೊಸ ಕಾರ್ಯಕ್ರಮ ಇಟ್ಟಿತು. ಅದೂ ಕಪ್ಪು ಸಮುದಾಯದ್ದೇ, ನಿರೂಪಕರೂ ಕಪ್ಪು ಪತ್ರಕರ್ತರೇ. ಇಷ್ಟಾದರೂ ಉಳಿಯಿತಲ್ಲ ಅಂದವರೂ ಇದ್ದರು, ಹಲ್ಲು ಕಿತ್ತರು ಅಂದವರೂ ಇದ್ದರು. ನನಗೆ ಕಾಣುವುದು ಇಷ್ಟು: ತೀರ್ಮಾನ ಪೂರ್ತಿ ಕಂಪನಿಯದ್ದಾಗಿತ್ತು. ಜನ ಕೇಳಿದರು, ಕಂಪನಿ ತನಗೆ ಬೇಕಾದಷ್ಟು ಕೊಟ್ಟಿತು. ನಲವತ್ತು ವರ್ಷ ಹಿಂದಾಗಿದ್ದರೆ ಮೇಜಿನ ಮೇಲೆ ಒಂದು ತಕರಾರು ಅರ್ಜಿಯ ಕರಡು ಇರುತ್ತಿತ್ತು. ನೋಬಲ್ 2012ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಈಗ? ಡೆಟ್ರಾಯಿಟ್‌ನಲ್ಲಿ 1968ರಲ್ಲಿ ‘ಕಲರ್ಡ್ ಪೀಪಲ್ಸ್ ಟೈಮ್’ ಅಂತ ಶುರುವಾದ ಕಾರ್ಯಕ್ರಮ ‘ಅಮೆರಿಕನ್ ಬ್ಲ್ಯಾಕ್ ಜರ್ನಲ್’ ಅನ್ನುವ ಹೆಸರಲ್ಲಿ ಅರ್ಧ ಶತಮಾನ ದಾಟಿದೆ. ಬಾಸ್ಟನ್ನಿನ ‘ಸೇ ಬ್ರದರ್’ 1998ರಲ್ಲಿ ‘ಬೇಸಿಕ್ ಬ್ಲ್ಯಾಕ್’ ಆಯಿತು. 2024ರ ಮೇನಲ್ಲಿ ಕೇಂದ್ರ ಸಿಬ್ಬಂದಿ ಕಡಿತ ಮಾಡಿದಾಗ ಅದರ ಟಿವಿ ತಯಾರಿಯನ್ನೂ ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಮೊದಲೇ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರ್ ವಾಪಸು ತೆಗೆದುಕೊಂಡಿತು. ಹಳೆಯ ಕಂತುಗಳ ಸ್ಥಿತಿಯೂ ಹಾಗೇ: ಆ ಕಾಲದಲ್ಲಿ ವಿಡಿಯೊ ಟೇಪ್ ದುಬಾರಿ, ಒಂದರ ಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡಿದ್ದರಿಂದ ಎಷ್ಟೋ ಕಂತುಗಳು ಅಳಿಸಿಹೋದವು. ಉಳಿದವನ್ನು ಸಂಗ್ರಹಾಲಯಗಳು ಡಿಜಿಟಲ್ ಮಾಡುತ್ತಿವೆ.

ಆದರೆ 1966ರ ತೀರ್ಪನ್ನು ಯಾರೂ ರದ್ದು ಮಾಡಿಲ್ಲ. ಕೇಂದ್ರದ ಸಂಕೇತ ತಲುಪುವ ಊರಲ್ಲಿರುವ ಯಾರೇ ಆಗಲಿ ಇವತ್ತಿಗೂ ತಕರಾರು ಅರ್ಜಿ ಹಾಕಬಹುದು. ಸಾರ್ವಜನಿಕ ಕಡತ ನೋಡಲು ಈಗ ಕಚೇರಿಗೂ ಹೋಗಬೇಕಾಗಿಲ್ಲ, ಎಫ್‌ಸಿಸಿಯ ಜಾಲತಾಣದಲ್ಲೇ ಸಿಗುತ್ತದೆ. ಟಿವಿ ಲೈಸೆನ್ಸ್‌ಗಳ ಮುಂದಿನ ನವೀಕರಣದ ಸುತ್ತು 2028ರಲ್ಲಿ ಶುರುವಾಗುತ್ತದೆ.